ಕಿಟಕಿಯಲ್ಲಿ ಮಂಜುಗಡ್ಡೆಯ ಕಾರ್ಡು

ನೂರು ವರ್ಷದ ಹಿಂದೆ ಅಮೆರಿಕದ ನಗರವೊಂದರಲ್ಲಿ ಜನ ದಿನ ಕಳೆಯುತ್ತಿದ್ದುದು ಹೇಗೆಂದು ಮೊಮ್ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಅವಳು ಇಲ್ಲಿನವರಂತೆ ಮಾತಿಗೊಂದು 'ಲಾ' ಸೇರಿಸಿ ನನಗೇ ಪಾಠ ಹೇಳಿದಳು.

"ಆಗ ಫ್ರಿಜ್ ಇರ್ಲಿಲ್ಲ ಲಾ, ಅಜ್ಜಿ. ಐಸ್ ಗಾಡಿ ಬರ್ತಿತ್ತು. ಎಷ್ಟು ಪೌಂಡ್ ಬೇಕು ಅಂತ ಕಿಟಕಿಗೆ ಕಾರ್ಡ್ ಹಾಕ್ಬೇಕು."

ಚೌಕದ ಕಾರ್ಡು, ನಾಲ್ಕು ಅಂಚಿಗೆ ನಾಲ್ಕು ಅಂಕಿ, ಇಪ್ಪತ್ತೈದರಿಂದ ನೂರರವರೆಗೆ. ಬೇಕಾದ ಅಂಕಿಯನ್ನು ಮೇಲೆ ತಿರುಗಿಸಿಟ್ಟರೆ ಗಾಡಿಯವನು ಬೀದಿಯಿಂದಲೇ ಓದಿಕೊಂಡು, ಅಷ್ಟು ಮಂಜುಗಡ್ಡೆ ಹೆಗಲಿಗೇರಿಸಿ ಮಹಡಿ ಹತ್ತುತ್ತಿದ್ದ. ಅದನ್ನಿಡುವ ಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿ ಕರಗಿ ನಿಂತ ನೀರನ್ನು ಮನೆಯವರು ದಿನಾ ಚೆಲ್ಲಬೇಕು. ಮರೆತರೆ ಅಡುಗೆಮನೆಯೆಲ್ಲ ನೀರು. ಈ ವ್ಯವಸ್ಥೆ ನನಗೆ ಹಿಡಿಸಿತು. ನರ್ಸಿಂಗ್ ಹಾಸ್ಟೆಲಿನ ಐದು ಗಂಟೆಯ ಬೆಲ್ಲಿಗೆ ಎದ್ದು ಬೆಳೆದವಳು ನಾನು.

ಪ್ರಾಜೆಕ್ಟ್ ಮುಗಿದ ಮೇಲೆ, ಅದಕ್ಕೆಂದು ಅವಳೇ ಮಾಡಿದ್ದ ಅಂಥದೊಂದು ಕಾರ್ಡನ್ನು ಎದುರು ಟವರಿನ ಗೆಳತಿಗೆ ಕೊಡಿಸಿದೆ. ಬ್ಯೂನಾ ವಿಸ್ಟಾ ಬಡಾವಣೆಯ ಈ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ನಮ್ಮಿಬ್ಬರ ಅಡುಗೆಮನೆಯ ಕಿಟಕಿಗಳು ಎದುರುಬದುರು. ಅವರ ಮಗ ಕೆಲಸದ ಮೇಲೆ ವಾರಗಟ್ಟಲೆ ಹೊರದೇಶದಲ್ಲಿರುತ್ತಾನೆ. ಹೋದ ತಿಂಗಳು ಅವರು ಬಚ್ಚಲಲ್ಲಿ ಜಾರಿ ಬಿದ್ದು ಮಧ್ಯಾಹ್ನದವರೆಗೂ ಏಳಲಾಗದೆ ಮಲಗಿದ್ದರು. ಹಾಗಾಗಿ ನಿಯಮ ಮಾಡಿದೆ: ಬೆಳಿಗ್ಗೆ ಏಳೂವರೆಯೊಳಗೆ ಕಾರ್ಡು ಕಿಟಕಿಗೆ, ಸಂಜೆ ಒಳಗೆ. ಕಾರ್ಡು ಕಂಡರೆ ಅವರು ಎದ್ದು ಓಡಾಡುತ್ತಿದ್ದಾರೆ ಎಂದರ್ಥ.

ಮೊನ್ನೆ ಮಂಗಳವಾರ ಏಳೂವರೆಗೆ ಕಾರ್ಡಿರಲಿಲ್ಲ. ನೀಲಿ ಟವೆಲೊಂದು ನೇತಾಡುತ್ತಿತ್ತು. ಕಿಟಕಿಯಲ್ಲಿ ಬಟ್ಟೆ ಒಣಹಾಕಬೇಡಿ ಎಂದು ಎಷ್ಟು ಸಲ ಹೇಳುವುದು ಎಂದುಕೊಂಡೆ. ಏಳು ಮೂವತ್ತೈದು. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಒದ್ದೆ ನೆಲ, ಚಾಚಿದ ಕೈ ಕಣ್ಣಿಗೆ ಕಟ್ಟಿದವು. ಒಲೆ ಆರಿಸಿದೆನೋ ಇಲ್ಲವೋ ಎಂದು ಲಿಫ್ಟಿನಲ್ಲಿ ಹೊಳೆಯಿತು, ವಾಪಸು ಹೋಗಲಿಲ್ಲ.

ಅವರ ಬಾಗಿಲು ಬಡಿದೆ. ಮೂರನೆಯ ಸಲ ಬಡಿದಾಗ ತೆರೆಯಿತು. ಅವರೇ, ಕೈತುಂಬ ದೋಸೆ ಹಿಟ್ಟು.

"ಬನ್ನಿ ಇನ್ಸ್‌ಪೆಕ್ಟರ್ ಮೇಡಂ. ಮಿಕ್ಸಿ ಹಾಕಿದ್ದೆ, ಕೇಳ್ಲಿಲ್ಲ. ಯಾಕೆ, ಮುಖ ಹೀಗಾಗಿದೆ?"

"ಕಾರ್ಡ್ ಎಲ್ಲಿ?"

"ನಿಮ್ಮ ಮೊಮ್ಮಗಳೇ ನಿನ್ನೆ ಸಂಜೆ ಬಂದು ತಗೊಂಡು ಹೋದ್ಲಲ್ಲ. ಸ್ಕೂಲಲ್ಲಿ ಡಿಸ್‌ಪ್ಲೇ ಮಾಡ್ತಾರಂತೆ. ಅದಕ್ಕೇ ಟವೆಲ್ ಹಾಕಿದ್ದೆ. ಕಾಣ್ಲಿಲ್ವಾ?"

ಕಂಡಿತ್ತು. ಹೇಳಲು ನಾಚಿಕೆಯಾಯಿತು.

ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಅವಸರಕ್ಕೆ ಕುಡಿಯಲು ಹೋಗಿ ಅರ್ಧ ಸೆರಗಿನ ಮೇಲೆ ಚೆಲ್ಲಿಕೊಂಡೆ. ಅವರು ಕಿಟಕಿಯಾಚೆ ನನ್ನ ಮನೆಯ ಕಡೆ ನೋಡಿದರು.

"ನಿಮ್ಮ ಕಿಟಕೀಲಿ ಏನೂ ಇರಲ್ವಲ್ರೀ. ನೀವು ಬಿದ್ರೆ ನಾನು ಏನು ನೋಡಿ ಓಡಿ ಬರ್ಲಿ?"

ನನಗೆ ಎಪ್ಪತ್ತನಾಲ್ಕು. ಮಗಳು, ಅಳಿಯ ಏಳಕ್ಕೇ ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ಹಿಂದಿರುಗಿ ಬಾಗಿಲು ತೆರೆದರೆ ಮನೆಯೆಲ್ಲ ಹೊಗೆ. ಒಲೆ ಉರಿಯುತ್ತಿತ್ತು, ಹಾಲಿನ ಪಾತ್ರೆ ಕಪ್ಪಾಗಿತ್ತು.

ಸಂಜೆ ಮೊಮ್ಮಗಳಿಂದ ಇನ್ನೊಂದು ಕಾರ್ಡು ಮಾಡಿಸಿದೆ. ಬುಧವಾರ ಏಳೂವರೆಗೆ ಅದನ್ನು ನನ್ನ ಕಿಟಕಿಗೆ ಸಿಕ್ಕಿಸಿದೆ. ಎದುರಿಗೆ ನೀಲಿ ಟವೆಲ್ ಆಗಲೇ ಬಂದಿತ್ತು. ಅದರ ಪಕ್ಕ ಅವರ ಮುಖ ಕಂಡು, ಅವರು ನನ್ನ ಕಿಟಕಿಯನ್ನು ನೋಡುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.