ಐದು ನಿಮಿಷದವರ ಬೋಟ್ ರೇಸು

ನ್ಯೂಜರ್ಸಿಯ ಕ್ರ್ಯಾನ್‌ಬರಿಯ ನಮ್ಮ ಮನೆಗೆ ಇರುವುದು ಒಂದೇ ಕಾರಿನ ಗರಾಜು. ಅದರಲ್ಲಿ ನನ್ನ ಗಂಡನ ರೇಸ್ ಬೋಟು ಹಾಯಾಗಿ ಮಲಗಿರುತ್ತದೆ, ನನ್ನ ಕಾರು ಹೊರಗೆ ಹಿಮದಲ್ಲಿ. ಬೆಳಗಾಗೆದ್ದು ಕೆಲಸಕ್ಕೆಂದು ಮಾರಿಸ್‌ಟೌನಿಗೆ ಡ್ರೈವ್ ಮಾಡಬೇಕಾದವಳು ನಾನು. ಅದಕ್ಕೇ ಕಳೆದ ಬೇಸಿಗೆಗೆ ಮುಂಚೆ ಜಗಳವಾಡಿ ಮಾತು ತೆಗೆದುಕೊಂಡೆ: ಈ ಸೀಸನ್ನಿನಲ್ಲಿ ಒಂದು ರೇಸನ್ನಾದರೂ ಗೆಲ್ಲದಿದ್ದರೆ ಬೋಟನ್ನು ಮಾರಿಬಿಡುವುದು.

ಮೊದಲು ಅವರು ಇಳಿಯುತ್ತಿದ್ದದ್ದು ಎರಡು ಬೋಟುಗಳ ನೇರ ಪೈಪೋಟಿಗೆ. ನೀರಿನ ಮೇಲೆ ಬೋಟು ನಿಂತಲ್ಲಿ ನಿಲ್ಲುವುದಿಲ್ಲವಲ್ಲ, ಹಾಗಾಗಿ ಎರಡೂ ಮೆಲ್ಲಗೆ ತೇಲುತ್ತಾ ಹೊರಡುವ ಗೆರೆಯ ಕಡೆ ಬರುತ್ತವೆ. ಹಸಿರು ದೀಪ ಬಂದ ಮೇಲೇ ಗೆರೆ ದಾಟಬೇಕು. ಆತುರಪಟ್ಟರೆ ಕೆಂಪು ದೀಪ, ಗಂಟುಮೂಟೆ ಕಟ್ಟಿಕೊಂಡು ಮನೆಗೆ. ಸರಿಯಾಗಿ ಹೊರಟವರಲ್ಲಿ ಕೊನೆಯ ಗೆರೆಯನ್ನು ಮೊದಲು ಮುಟ್ಟಿದವರು ಗೆದ್ದಂತೆ. ನಮ್ಮ ಹಳೇ ಎಂಜಿನ್ನು ಅಲ್ಲಿ ಯಾರಿಗೂ ಸಾಟಿಯಾಗಿರಲಿಲ್ಲ.

ಕೊನೆಗೆ ಇನ್ನೊಂದು ಬಗೆಯ ರೇಸಿಗೆ ಸೇರಿದರು. ಅಲ್ಲಿ ಕೊನೆಯ ಗೆರೆ ಮುಟ್ಟಲು ನಿಮ್ಮ ಬೋಟಿಗೆ ಎಷ್ಟು ಸೆಕೆಂಡ್ ಬೇಕೆಂದು ನೀವೇ ಮೊದಲು ಹೇಳಬೇಕು. ಇಬ್ಬರೂ ಹೇಳಿದ ಸೆಕೆಂಡುಗಳ ವ್ಯತ್ಯಾಸದಷ್ಟು ಮುಂಚೆಯೇ ನಿಧಾನದವರಿಗೆ ಹಸಿರು ದೀಪ. ಆದರೆ ಹೇಳಿದ್ದಕ್ಕಿಂತ ಬೇಗ ಮುಟ್ಟಿದರೆ ಸೋಲು. ನನಗಂತೂ ಇದೇ ಇಷ್ಟ. ದೊಡ್ಡ ಎಂಜಿನ್ನಿನವರ ಜಂಬ ಇಲ್ಲಿ ನಡೆಯುವುದಿಲ್ಲ.

ತೊಂದರೆಯೇನೆಂದರೆ, ನನ್ನ ಗಂಡ ಬೆಂಗಳೂರಿನವರು. ಇನ್ನೂ ಸ್ನಾನಕ್ಕೇ ಹೋಗದೆ ಫೋನಿನಲ್ಲಿ "ಹೊರಟ್ವಿ, ಐದು ನಿಮಿಷ" ಎನ್ನುವ ಪೈಕಿ. ಹದಿಮೂರು ಸೆಕೆಂಡಿನ ಬೋಟಿಗೆ ಹನ್ನೊಂದು ಎಂದು ಹೇಳುವುದು, ಮುಂಚೆ ಹೊರಡುವ ಅವಕಾಶ ಕಳೆದುಕೊಳ್ಳುವುದು, ಸೋಲುವುದು. ಬೇಸಿಗೆಯೆಲ್ಲ ಇದೇ ಆಯಿತು.

"ಡ್ಯಾಡ್, ಜಸ್ಟ್ ಟೆಲ್ ದ ಟ್ರೂತ್!" ಎಂದು ಮಗಳು ತಲೆ ಚಚ್ಚಿಕೊಂಡಳು.

"ಎಲ್ಲರ ಮುಂದೆ ಹದಿಮೂರು ಅಂತ ಹೇಳೋಕೆ ನಾಚಿಕೆ ಆಗುತ್ತೆ ಕಣೇ" ಎಂದರು.

ಸೀಸನ್ನಿನ ಕೊನೆಯ ರೇಸು. ದಕ್ಷಿಣ ಜರ್ಸಿಯ ಕೆರೆಯ ದಡದಲ್ಲಿ ಹೆಲ್ಮೆಟ್ ಹಿಡಿದು ನಿಂತವರು ನನ್ನನ್ನೇ ಕೇಳಿದರು: "ಎಷ್ಟು ಹೇಳ್ಲಿ?"

ಸುಮ್ಮನಿದ್ದರೆ ಗರಾಜು ನನ್ನದಾಗುತ್ತಿತ್ತು. ಆದರೆ ಆ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

"ಹದಿಮೂರು ಅನ್ನಿ. ಪ್ರತಿ ಸಲ ನಾನೂ ನೋಡ್ತಾನೇ ಇದೀನಲ್ಲ."

ಹಾಗೇ ಹೇಳಿದರು. ಹಸಿರು ದೀಪ ಅವರಿಗೇ ಮೊದಲು ಬಂತು. ಎದುರಾಳಿಯ ಬೋಟು ಹಿಂದಿನಿಂದ ಅಬ್ಬರಿಸಿಕೊಂಡು ಬಂದರೂ ಕೊನೆಯ ಗೆರೆ ಮುಟ್ಟುವಾಗ ನಮ್ಮ ಬೋಟಿನ ಮೂತಿ ಮುಂದಿತ್ತು. ಬೋರ್ಡಿನಲ್ಲಿ ಹದಿಮೂರರ ಮೇಲೆ ಒಂದು ಚೂರು. ಕುರ್ಚಿ ಉರುಳಿಬೀಳುವಂತೆ ಎದ್ದು ನಿಂತು ಕೂಗಿದೆ. ಗರಾಜಿನ ನೆನಪೇ ಆಗಲಿಲ್ಲ, ಅಷ್ಟು ಖುಷಿಯಾಗಿತ್ತು ನನಗೆ.

ಇವತ್ತು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ಕೆರೆಯಲು ಹೊರಟವಳನ್ನು ಅವರು ಹಾಸಿಗೆಯಿಂದಲೇ ತಡೆದರು.

"ಇರು ಇರು, ನಾನೇ ಕೆರೆದು ಕೊಡ್ತೀನಿ. ಐದೇ ನಿಮಿಷ."

"ನಿಜ ಹೇಳಿ" ಎಂದೆ.

ರಗ್ಗಿನಿಂದ ತಲೆ ಹೊರಗೆ ಹಾಕಿದರು. "ಇಪ್ಪತ್ತು."

ಕೋಟು ಬಿಚ್ಚಿಟ್ಟು ಇನ್ನೊಂದು ಲೋಟ ಕಾಫಿ ಮಾಡಿಕೊಂಡೆ.