ಶನಿವಾರ ಕೊಂಡ ಚಿಲಕ

ನಮ್ಮ ಹಿತ್ತಲ ಬಾಗಿಲಿನ ಚಿಲಕ ಈಚೆಗೆ ಕಿರುಗುಟ್ಟುತ್ತಿದೆ. ಕಬ್ಬಿಣವೆಂದ ಮೇಲೆ ತುಕ್ಕು, ತುಕ್ಕೆಂದ ಮೇಲೆ ಸಪ್ಪಳ, ಇದರಲ್ಲಿ ಬರೆಯುವಂಥದ್ದೇನು ಎಂದು ನೀವು ಕೇಳಬಹುದು. ಆದರೆ ನನ್ನ ಹೆಂಡತಿ ಶಾಂತಾ ಇರುವ ತನಕ ಅದು ಒಮ್ಮೆಯೂ ಸದ್ದು ಮಾಡಿದ್ದಿಲ್ಲ. ಶನಿವಾರಕ್ಕೊಮ್ಮೆ ಹನುಮಪ್ಪನ ಗುಡಿಗೆ ಎಣ್ಣೆ ಒಯ್ಯುತ್ತಿದ್ದ ಅವಳು, ಬಟ್ಟಲಲ್ಲಿ ಉಳಿದದ್ದನ್ನು ತಂದು ಬೆರಳಿನಿಂದ ಈ ಚಿಲಕಕ್ಕೆ ಸವರುತ್ತಿದ್ದಳು. ಹನುಮಪ್ಪನ ಪಾಲಿನಲ್ಲಿ ಚಿಲಕಕ್ಕೂ ಹಕ್ಕಿದೆಯೇ ಎಂದು ನಾನು ನಗುತ್ತಿದ್ದೆ. ಅವಳು ಹೋದ ಮೇಲೆ ಬಟ್ಟಲು ಗೂಡಿನಲ್ಲಿ ಒಣಗಿ ಕುಳಿತಿತ್ತು.

ಹತ್ತು ವರ್ಷದ ಕೆಳಗೆ ಬಿಜಾಪುರ, ಟಿಕೋಟಾ, ಬಬಲೇಶ್ವರ ಮೂರೂ ಕಡೆ ಒಂದೇ ಹೆಸರಿನ ಹಲಗೆ ಹೊತ್ತ ಕಬ್ಬಿಣದ ಅಂಗಡಿಗಳಿದ್ದವು. ಅಣ್ಣತಮ್ಮಂದಿರು ಬೇರೆಯಾಗಿ ವ್ಯಾಪಾರ ಮುಚ್ಚಲು ನಿಂತಾಗ, ಮಿಕ್ಕ ಸರಕೆಲ್ಲ ನಮ್ಮ ಜೋರಾಪುರ ಪೇಟೆಯಲ್ಲಿದ್ದ ಬಿಜಾಪುರದ ಅಂಗಡಿಗೆ ಬಂದು ಬೀಳತೊಡಗಿತು. ಎಲ್ಲವೂ ಅರ್ಧ ಬೆಲೆಗೆ. ಅರ್ಧ ಬೆಲೆ ಎಂಬ ಮಾತಿಗೆ ಮನುಷ್ಯನ ಅಗತ್ಯಗಳನ್ನು ಇಮ್ಮಡಿ ಮಾಡುವ ಗುಣವಿದೆ. ಟಿಕೋಟಾದ ಹತ್ತಿ ಕಾರ್ಖಾನೆಯ ಗುಮಾಸ್ತನಾದ ನಾನು, ಇಲ್ಲದ ಎತ್ತಿಗೆ ಲಾಳ ಕೊಳ್ಳುವ ವಿಚಾರದವರೆಗೂ ಹೋಗಿದ್ದೆ. ನಿಜವಾಗಿ ಬೇಕಾಗಿದ್ದದ್ದು ಒಂದು ಗಟ್ಟಿ ಚಿಲಕ. ಹತ್ತಿಯ ಸುಗ್ಗಿಯಲ್ಲಿ ಟಿಕೋಟಾದಲ್ಲೇ ರಾತ್ರಿ ಉಳಿಯಬೇಕಾಗುತ್ತಿತ್ತು. ಶಾಂತಾ ತುಂಬಿದ ಬಸುರಿ, ಹಿತ್ತಲ ಬಾಗಿಲಿಗೆ ಮುರುಕು ಅಗಳಿ. ಹಿಂದಿನ ಕೂಸು ನಮಗೆ ದಕ್ಕಿರಲಿಲ್ಲ. ಅಂದಿನಿಂದ ಅವಳಿಗೆ ಎಲ್ಲದರ ಅಂಜಿಕೆ.

ನೂಕುನುಗ್ಗಲಿಲ್ಲದ ದಿನ ನೋಡಿ ಹೋದೆ. ಅಂದು ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಚಿಲಕ ಕಟ್ಟಿಕೊಡುತ್ತ ಅಂಗಡಿಯವನು, "ಶನಿವಾರ ಕಬ್ಬಿಣಕ್ಕ ಬಂದೀರಲ್ರಿ, ಮನ್ಯಾಗ ಕೇಳಿ ಬಂದೀರಿಲ್ಲೋ?" ಎಂದ. ಶನಿವಾರ ಯಾರೂ ಕಬ್ಬಿಣ ಮನೆಗೆ ತರುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅರ್ಧ ಬೆಲೆಯ ಮುಂದೆ ಮರೆತಿತ್ತು.

ಶಾಂತಾ ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸಿದಳು. ಅವಳ ಮುಖ ಬಿಳಿಚಿತ್ತು. ಗೋಡೆಯಾಚೆಯ ಮನೆಯ ರಾಬಿಯಾ, ಅವಳಿಗೆ ಅಕ್ಕನಂಥವಳು, ನಮ್ಮ ವಾದ ಕೇಳಿ ನಗುತ್ತ ಕೈ ಚಾಚಿದಳು.

"ಕೊಡ್ರಿ ಇಲ್ಲಿ. ನಿಮ್ಮ ಶನಿಗೆ ನಮ್ಮ ಮನಿ ಹಾದಿ ಗೊತ್ತಿಲ್ಲ. ಸೋಮವಾರ ಒಂದ್ ಚಿಮಟಿ ಚಹಾಪುಡಿ ಕೊಟ್ಟು ನನ್ನ ಕಡಿಂದ ಕೊಂಡ್ಕೋರಿ."

ಶಾಂತಾ ಒಪ್ಪಿದಳು. ಆದರೆ ರಾಬಿಯಾಳ ಗಂಡ ಹುಸೇನಸಾಬ ಅಂದು ಬಬಲೇಶ್ವರದ ಅಂಗಡಿಯ ಸರಕು ತರಲು ಲಾರಿ ಒಯ್ದಿದ್ದ. ಮಧ್ಯಾಹ್ನ ಬರಬೇಕಾದವನು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ರಾಬಿಯಾ ಬಾಗಿಲಿಗೂ ಬೀದಿಗೂ ಓಡಾಡತೊಡಗಿದಳು; ಈಗ ಅವಳು ನಗುತ್ತಿರಲಿಲ್ಲ. ಶಾಂತಾ ಹೊಸ್ತಿಲ ಮೇಲೆ ಕುಸಿದು, "ನಮ್ಮ ಪೀಡಾ ಅಕ್ಕನ ಮನಿಗೆ ಹಾಕಿಬಿಟ್ವಿ" ಎಂದಳು. ಇದೆಲ್ಲ ಮೂಢನಂಬಿಕೆಯೆಂದು ನಾನು ಬುದ್ಧಿ ಹೇಳಿದೆ. ಹೇಳುತ್ತಲೇ ದೂರದ ಲಾರಿಯ ಸದ್ದಿಗೆ ಕಿವಿಗೊಟ್ಟಿದ್ದೆ.

ಕಡೆಗೆ ಅವಳು ಎದ್ದು, ಹೊಟ್ಟೆ ಹಿಡಿದುಕೊಂಡು ಅವರ ಮನೆಗೆ ಹೋದಳು.

"ಕೊಡ ಅಕ್ಕಾ. ನಮ್ಮದು ನಮಗಿರ್ಲಿ."

"ಹುಚ್ಚಿ, ಹೊಟ್ಟ್ಯಾಗಿನ ಕೂಸಿನ ವಿಚಾರ ಮಾಡು."

"ಮಾಡೇನಿ. ಮೊದಲ ಭಾವಾರು ಮನಿ ಮುಟ್ಲಿ."

ಚಿಲಕದ ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ, ಇಬ್ಬರೂ ಬಿಡರು. ಗೆದ್ದದ್ದು ಶಾಂತಾ. ಗಾಳಿ ಸದ್ದಿಗೂ ಬೆಚ್ಚುತ್ತಿದ್ದವಳು ಶನಿವಾರ ಸಂಜೆಯೇ ಅದನ್ನು ತಾನೇ ಹೊಸ್ತಿಲು ದಾಟಿಸಿ ಒಳಗೆ ತಂದಳು. ಸ್ವಲ್ಪ ಹೊತ್ತಿಗೆ ಹುಸೇನಸಾಬ ಬಂದ. ಸಾರವಾಡದ ಹತ್ತಿರ ಟೈರು ಪಂಕ್ಚರ್ ಆಗಿತ್ತಂತೆ, ಅಷ್ಟೆ. ರಾಬಿಯಾಳ ಮನೆಯ ಅಂಜಿಕೆ ಹೋಯಿತು. ನಮ್ಮ ಮನೆಯಲ್ಲಿ ಅದು ಮಗಳು ಹುಟ್ಟಿ ಗಟ್ಟಿಯಾಗಿ ಅಳುವ ತನಕ ಉಳಿಯಿತು. ಎಣ್ಣೆ ಸವರುವುದು ಮುಂದಿನ ಶನಿವಾರದಿಂದಲೇ ಶುರುವಾಯಿತು, ಮತ್ತೆ ನಿಲ್ಲಲಿಲ್ಲ.

ಈ ವರ್ಷ ಜ್ವರದಲ್ಲಿ ಅವಳು ಹೋದಳು. ಶನಿಯ ಮೇಲೆ ಹೊರಿಸೋಣವೆಂದರೆ ಅಂದು ಗುರುವಾರ. ದೂರಲು ಒಂದು ಹೆಸರೂ ಸಿಗದ ದುಃಖ ಎಲ್ಲಿ ಕೂರಬೇಕೆಂದು ತಿಳಿಯದೆ ಮನೆತುಂಬ ಓಡಾಡುತ್ತದೆ. ಅವಳ ಅಂಜಿಕೆಗಳೆಲ್ಲ ಈಗ ನನ್ನವು. ಟಿಕೋಟಾದಿಂದ ಬರುವ ಬಸ್ಸು ತಡವಾದರೆ, ಮನೆಯಲ್ಲಿ ಒಬ್ಬಳೇ ಇರುವ ಮಗಳನ್ನು ನೆನೆದು ನಿಲ್ದಾಣದಿಂದ ಓಡುತ್ತಲೇ ಮನೆ ಸೇರುತ್ತೇನೆ. ಬಂದವನೇ ಚಿಲಕ ಹಾಕುತ್ತೇನೆ, ಎಳೆದು ನೋಡುತ್ತೇನೆ, ಉಂಡ ಮೇಲೆ ಮತ್ತೆ ಎಳೆಯುತ್ತೇನೆ.

ಮೊನ್ನೆ ಶನಿವಾರ ನಾನೇ ಗುಡಿಗೆ ಎಣ್ಣೆ ಒಯ್ದೆ. ಉಳಿದದ್ದನ್ನು ತಂದು ಚಿಲಕದ ಮುಂದೆ ನಿಂತಾಗ ಗೋಡೆಯಾಚೆಯಿಂದ ರಾಬಿಯಾ ಮೆಲ್ಲಗೆ ಅಂದಳು:

"ಎಣ್ಣಿ ಹಾಕಬ್ಯಾಡ್ರಿ ಅಣ್ಣಾರ. ಅದು ಕಿರ್ ಅಂದ್ರ ನೀವು ಬಂದ್ರಿ, ಹುಡುಗಿ ಒಬ್ಬಾಕಿ ಇಲ್ಲ ಅಂತ ತಿಳಿತೈತಿ. ಆಮ್ಯಾಲ ನಾ ನಮ್ಮ ಬಾಗಲಾ ಹಾಕ್ತೀನಿ."

ಬಟ್ಟಲನ್ನು ಎಣ್ಣೆಯ ಸಮೇತ ಗೂಡಿನಲ್ಲಿಟ್ಟೆ. ಚಿಲಕ ಸರಿಸಿದೆ, ಕಿರುಗುಟ್ಟಿತು. ಗೋಡೆಯಾಚೆ ಇನ್ನೊಂದು ಬಾಗಿಲು ಮುಚ್ಚಿತು.