ಹೆಂಡತಿ ಸಾಯುವ ಕಾದಂಬರಿ

ಗಂಗಾವತಿಯಿಂದ ಹನುಮನಹಳ್ಳಿಗೆ ಆಟೋ ಓಡಿಸುತ್ತಿದ್ದೆ. ಹಿಂದೆ ಕುಂತ ಇಬ್ಬರು ಮೇಡಂಗಳು ಒಬ್ಬ ಕಾದಂಬರಿಕಾರನನ್ನು ಜಾಡಿಸುತ್ತಿದ್ದರು.

"ಯಾವ ಪುಸ್ತಕ ತಗದ್ರೂ ಹೆಂಡ್ತಿ ಸಾಯ್ತಾಳ, ಗಂಡ ಅಳ್ತಾನ. ಎಷ್ಟು ಸಲ ಅದನ್ನ ಓದೂದು?"

ನನಗೆ ತಡೆಯಲಾಗಲಿಲ್ಲ. "ನನ್ನ ಹೆಂಡ್ತಿ ಹೋಗಿ ಎರಡು ವರ್ಷ ಆತ್ರಿ. ಅತ್ತದ್ದು ಸಾಕು ಅಂತ ನಮ್ಮ ಮನ್ಯಾಗೂ ಅಂತಾರ. ನಾ ಬಿಡಂಗಿಲ್ಲ. ಅಂವನೂ ಬಿಡಬಾರ್ದು," ಅಂದೆ.

ಇಳಿಯುವಾಗ ಒಬ್ಬಾಕೆ, "ಏನರ ಅನ್ರಿ ಅಣ್ಣಾ, ನಮಗ ಬ್ಯಾಸರ ಬಂದೈತಿ. ನೀವ ಓದ್ಕೊಳ್ರಿ," ಅಂತ ಆ ಕಾದಂಬರಿಕಾರನದೇ ಒಂದು ಪುಸ್ತಕ ನನ್ನ ಕೈಗಿಟ್ಟಳು.

ನಾನು ಕಲಿತದ್ದು ಕಡಿಮೆ, ಓದುವುದು ಭಾಳ ನಿಧಾನ. ಪುಸ್ತಕ ಇನ್ನೂ ಅರ್ಧಕ್ಕೂ ಬಂದಿಲ್ಲ. ಅದರೊಳಗಿನ ಹೆಂಡತಿ ಗಂಡನ ಜೋಡಿ ಜಗಳಾಡುತ್ತಾ ರೊಟ್ಟಿ ಬಡಿಯುತ್ತಿದ್ದಾಳೆ. ನನಗೇನೂ ಅವಸರವಿಲ್ಲ.